ಒಳಾಂಗಣ ಟ್ಯಾಂಕ್ ತುಂಬುವಾಗ ಆವಿ ನಿಯಂತ್ರಣ: ಟೊಲ್ಯೂಯಿನ್ ಲೆಕ್ಕದೊಂದಿಗೆ

ಟ್ಯಾಂಕಿಗೆ ಎಷ್ಟು ಲೀಟರ್ ದ್ರವ ಇಳಿಯುತ್ತದೆಯೋ, ಹೆಚ್ಚುಕಡಿಮೆ ಅಷ್ಟೇ ಲೀಟರ್ ಗಾಳಿ ಮತ್ತು ಆವಿಯ ಮಿಶ್ರಣ ವೆಂಟ್ ಕೊಳವೆಯಿಂದ ಹೊರಬೀಳುತ್ತದೆ. ಈ ಅಧ್ಯಾಯದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

10,000 ಲೀಟರ್ ಟೊಲ್ಯೂಯಿನ್ (ಬೇಗ ಆವಿಯಾಗುವ, ಹೊತ್ತಿಕೊಳ್ಳುವ ದ್ರಾವಕ) ತುಂಬುತ್ತಿದ್ದಾರೆ, ವೆಂಟ್ ಕೋಣೆಯೊಳಗೇ ತೆರೆದುಕೊಂಡಿದೆ ಎನ್ನೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಆವಿ ಒತ್ತಡ ಸುಮಾರು 28 ಮಿ.ಮೀ. ಪಾದರಸ. ಅದನ್ನು ವಾತಾವರಣದ ಒತ್ತಡವಾದ 760ರಿಂದ ಭಾಗಿಸಿದರೆ ಮಿಶ್ರಣದಲ್ಲಿ ಆವಿಯ ಪಾಲು ಸಿಗುತ್ತದೆ: ಶೇ. 3.7. ಟ್ಯಾಂಕಿನೊಳಗಿನ ಗಾಳಿ ಪೂರ್ತಿ ಸಂತೃಪ್ತವಾಗಿದ್ದರೆ, ಅಂದರೆ ಇನ್ನಷ್ಟು ಆವಿ ಹಿಡಿಯದಂತಿದ್ದರೆ, 370 ಲೀಟರ್ ಆವಿ, ಅಂದರೆ ಸುಮಾರು 1.4 ಕೆ.ಜಿ., ಕೋಣೆಗೆ ಸೇರುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯ ಎರಡನೇ ಅನುಸೂಚಿ ಎಂಟು ಗಂಟೆಗಳ ಸರಾಸರಿಗೆ ನೀಡಿದ್ದ ಮಿತಿ ಹತ್ತು ಲಕ್ಷಕ್ಕೆ 100 ಭಾಗ. ಅಷ್ಟಕ್ಕೆ ತೆಳುಗೊಳಿಸಲು 3,700 ಘನ ಮೀಟರ್ ಶುದ್ಧ ಗಾಳಿ ಬೇಕು. ಒಂದೇ ಟ್ಯಾಂಕರ್ ಇಳಿಸುವುದಕ್ಕೆ ಇಷ್ಟು! ಟೊಲ್ಯೂಯಿನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ನೆಲದ ಮೇಲೆ, ಚರಂಡಿಯಲ್ಲಿ ಹರಡಿ ನಿಲ್ಲುತ್ತದೆ. ಚಾವಣಿಯ ಎಕ್ಸಾಸ್ಟ್ ಫ್ಯಾನ್ ನಂಬಿ ಕೂರುವುದು ಅಪಾಯ. ಗಾಳಿ ಎಳೆಯುವ ಬಾಯಿ ನೆಲದ ಹತ್ತಿರ ಇರಬೇಕು. ಅದೂ ಸೋರಿಕೆಯ ದಿನದ ರಕ್ಷಣೆಯೇ ಹೊರತು ಮುಖ್ಯ ಉಪಾಯವಲ್ಲ.

ಮುಖ್ಯ ಉಪಾಯವೆಂದರೆ ಆವಿಯನ್ನು ಕೋಣೆಗೆ ಬಿಡದಿರುವುದು. ವೆಂಟ್ ಕೊಳವೆಯನ್ನು ಕಟ್ಟಡದ ಹೊರಗೆ ಒಯ್ಯಬೇಕು. ಅದಕ್ಕಿಂತ ಮೇಲು, ಆವಿ ಮರಳುವ ಕೊಳವೆಯನ್ನು ಟ್ಯಾಂಕರಿಗೇ ಜೋಡಿಸುವುದು. ಅಲ್ಲಿ ದ್ರವ ಇಳಿದಂತೆ ಜಾಗ ಖಾಲಿಯಾಗುತ್ತದೆ, ಇಲ್ಲಿಂದ ಹೊರಟ ಆವಿ ಅದನ್ನು ತುಂಬುತ್ತದೆ.

ಇನ್ನೊಂದು ವಿಷಯವನ್ನು ಅಡಿಗೆರೆ ಹಾಕಿ ಬರೆದುಕೊಳ್ಳಿ. ಟೊಲ್ಯೂಯಿನ್ ಹೊತ್ತಿಕೊಳ್ಳುವ ವ್ಯಾಪ್ತಿ ಸುಮಾರು ಶೇ. 1.1ರಿಂದ 7.1. ನಮ್ಮ 3.7 ಅದರ ನಡುವೆಯೇ ಇದೆ. ಅಂದರೆ ಟ್ಯಾಂಕಿನೊಳಗಿನ ಮಿಶ್ರಣವೇ ಕಿಡಿಗೆ ಕಾದಿರುತ್ತದೆ. ಮೇಲಿನಿಂದ ಸುರಿದರೆ ಹನಿಗಳು ಸಿಡಿದು ಆವಿಯೂ ಹೆಚ್ಚುತ್ತದೆ, ಸ್ಥಿರ ವಿದ್ಯುತ್ತೂ ಕೂಡಿಕೊಳ್ಳುತ್ತದೆ. ತುಂಬುವ ಕೊಳವೆ ತಳದ ಸಮೀಪದವರೆಗೆ ಇಳಿದಿರಬೇಕು. ಅದರ ತುದಿ ಮುಳುಗುವವರೆಗೆ ಹರಿವಿನ ವೇಗ ಸೆಕೆಂಡಿಗೆ 1 ಮೀಟರ್ ದಾಟಬಾರದು. ಟ್ಯಾಂಕರ್, ಟ್ಯಾಂಕ್ ಎರಡನ್ನೂ ತಂತಿಯಿಂದ ಜೋಡಿಸಿ ಅರ್ತಿಂಗ್ ಮಾಡುವುದು ಮೆದುಗೊಳವೆ ಜೋಡಿಸುವ ಮೊದಲೇ ಮುಗಿಯಬೇಕು.

ಟ್ಯಾಂಕಿಗೆ ತುಂಬುವ ಇನ್ನೊಂದು ದ್ರವವಾದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬೆಂಕಿಯ ಭಯವಿಲ್ಲ, ಆದರೆ ಹೊಗೆ ಶ್ವಾಸಕೋಶವನ್ನೂ ಉಕ್ಕನ್ನೂ ತಿನ್ನುತ್ತದೆ. ಆ ಹೊಗೆ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ನೀರಿನ ಅಥವಾ ಕಾಸ್ಟಿಕ್ (ಕ್ಷಾರ) ದ್ರಾವಣದ ಸ್ಕ್ರಬ್ಬರ್, ಅಂದರೆ ಹೊಗೆಯನ್ನು ದ್ರವದಿಂದ ತೊಳೆಯುವ ಸಾಧನ, ಬಳಸುತ್ತಾರೆ. ಟ್ಯಾಂಕರನ್ನು ಗಾಳಿಯ ಒತ್ತಡದಿಂದ ಖಾಲಿ ಮಾಡುವಲ್ಲಿ ಕೊನೆಯ ಕ್ಷಣ ಕಠಿಣ: ದ್ರವ ಮುಗಿದೊಡನೆ ಒತ್ತಡದ ಗಾಳಿ ಒಮ್ಮೆಲೇ ನುಗ್ಗುತ್ತದೆ. ವೆಂಟ್ ಮತ್ತು ಸ್ಕ್ರಬ್ಬರ್‌ನ ಅಳತೆಯನ್ನು ಪಂಪಿನ ಹರಿವಿಗಲ್ಲ, ಆ ನುಗ್ಗುವಿಕೆಗೆ ಲೆಕ್ಕ ಹಾಕಬೇಕು.