ಆರ್‌ಜೆ45 ಕನೆಕ್ಟರ್ ಹಾಕುವುದು: ಬಣ್ಣದ ಕ್ರಮದ ಹಿಂದಿನ ಜೋಡಿ ಲೆಕ್ಕ

ಆರ್‌ಜೆ45 ಎಂದರೆ ನೆಟ್‌ವರ್ಕ್ ಕೇಬಲ್ಲಿನ ತುದಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್. ಆ ಕೇಬಲ್ಲಿನೊಳಗೆ ಎಂಟು ತಂತಿ, ಎರಡೆರಡು ಸೇರಿ ನಾಲ್ಕು ಜೋಡಿ. ಪ್ರತಿ ಜೋಡಿಯೂ ಹುರಿಗೊಂಡಿರುತ್ತದೆ, ಒಂದೊಂದರ ಹುರಿಯ ಬಿಗಿ ಒಂದೊಂದು ಥರ. ಜೋಡಿಯ ಎರಡು ತಂತಿಗಳಲ್ಲಿ ಒಂದೇ ಸಂಕೇತ ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ತಾಗುವುದರಿಂದ, ಆಚೆ ತುದಿಯಲ್ಲಿ ಇವೆರಡರ ವ್ಯತ್ಯಾಸವನ್ನಷ್ಟೇ ಓದಿದಾಗ ಗದ್ದಲ ಕಳೆದುಹೋಗುತ್ತದೆ. ಈ ಹುರಿಯನ್ನು ಕನೆಕ್ಟರಿನ ಬಾಯಿಯವರೆಗೂ ಉಳಿಸುವುದೇ ನಮ್ಮ ಕೆಲಸ. ಇಷ್ಟು ತಲೆಯಲ್ಲಿದ್ದರೆ ಮುಂದಿನ ನಿಯಮಗಳನ್ನು ಉರು ಹೊಡೆಯಬೇಕಿಲ್ಲ.

ಕೊಳ್ಳುವಾಗ

ಕೇಬಲ್ಲಿಗೂ ಕನೆಕ್ಟರಿಗೂ ಹೊಂದಾಣಿಕೆ ಇರಬೇಕು. ಗೋಡೆಯೊಳಗೆ ಎಳೆಯುವ ಕೇಬಲ್ಲಿನಲ್ಲಿ ಪ್ರತಿ ತಂತಿಯೂ ಒಂದೇ ಗಟ್ಟಿ ಎಳೆ (ಸಾಲಿಡ್). ಉಪಕರಣಕ್ಕೆ ಸಿಕ್ಕಿಸುವ ಬಳುಕುವ ಗಿಡ್ಡ ಕೇಬಲ್ಲಿನಲ್ಲಿ, ಅಂದರೆ ಪ್ಯಾಚ್ ಕಾರ್ಡಿನಲ್ಲಿ, ಹಲವು ಸಣ್ಣ ಎಳೆ (ಸ್ಟ್ರ್ಯಾಂಡೆಡ್). ಸಾಲಿಡ್ ತಂತಿಗೆ ಮಾಡಿದ ಕನೆಕ್ಟರಿನ ಹಲ್ಲುಗಳು ತಾಮ್ರವನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯುತ್ತವೆ. ಸ್ಟ್ರ್ಯಾಂಡೆಡ್ ತಂತಿಗೆ ಮಾಡಿದ್ದು ಎಳೆಗಳ ನಡುವೆ ಚುಚ್ಚಿಕೊಳ್ಳುತ್ತದೆ. ಅದಲುಬದಲು ಮಾಡಿದರೆ ಅವತ್ತಿಗೆ ಕೆಲಸ ಮಾಡಬಹುದು, ಆದರೆ ಆ ಹಿಡಿತ ಕ್ರಮೇಣ ಸಡಿಲವಾಗುತ್ತದೆ. ಕ್ಯಾಟ್5ಇ, ಕ್ಯಾಟ್6 ಎಂಬುವು ಕೇಬಲ್ಲಿನ ದರ್ಜೆಗಳು. ಕ್ಯಾಟ್6 ತಂತಿ ಸಾಮಾನ್ಯವಾಗಿ ಕ್ಯಾಟ್5ಇಗಿಂತ ದಪ್ಪ. ಕ್ಯಾಟ್5ಇ ಕನೆಕ್ಟರಿನ ತೂತುಗಳಿಗೆ ಅದು ಕೊನೆಯವರೆಗೆ ಹೋಗದೆ ಅರ್ಧದಲ್ಲಿ ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ.

ಕೇಬಲ್ಲಿನ ತುದಿಯಲ್ಲಿ ಒಂದು ತಂತಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ನೋಡಿ. ಕೆಂಪು ಪದರದ ಕೆಳಗೆ ಬೆಳ್ಳಿ ಬಣ್ಣ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅಂದರೆ ಸಿಸಿಎ. ಅದರ ಪ್ರತಿರೋಧ ಹೆಚ್ಚು, ಬಾಗಿಸಿದರೆ ಬೇಗ ಮುರಿಯುತ್ತದೆ. ಇದೇ ಕೇಬಲ್ಲಿನಲ್ಲಿ ಕ್ಯಾಮೆರಾಕ್ಕೆ ವಿದ್ಯುತ್ತನ್ನೂ (ಪಿಒಇ) ಕಳಿಸುವುದಾದರೆ ಸಿಸಿಎ ಬೇಡವೇ ಬೇಡ.

ತುದಿ ಸಿದ್ಧಪಡಿಸುವುದು

ಕನೆಕ್ಟರಿನ ಹಿಂಬದಿಗೆ ರಬ್ಬರ್ ಬೂಟ್ (ರಕ್ಷಣೆಯ ತೊಡಿಗೆ) ಹಾಕುವುದಿದ್ದರೆ ಮೊದಲೇ ಕೇಬಲ್ಲಿಗೆ ಪೋಣಿಸಿ, ಆಮೇಲೆ ತೂರಿಸಲಾಗದು. ತುದಿಯಿಂದ ಸುಮಾರು 30 ಮಿ.ಮೀ. ಹೊರಕವಚ ತೆಗೆಯಿರಿ. ಬ್ಲೇಡನ್ನು ಪೂರ್ತಿ ಆಳಕ್ಕೆ ಒತ್ತಬೇಡಿ. ಸುತ್ತಲೂ ಗೀರು ಹಾಕಿ ಬಾಗಿಸಿದರೆ ಕವಚ ತಾನೇ ಬಿರಿಯುತ್ತದೆ. ಒಳಗಿನ ತಂತಿಗಳನ್ನು ಬಿಡಿಸಿ, ಗೀರು ಬಿದ್ದ ಜಾಗದಲ್ಲಿ ತಾಮ್ರ ಮಿನುಗುತ್ತಿದೆಯೇ ಎಂದು ಒಂದೊಂದನ್ನೂ ನೋಡಿ. ಮಿನುಗಿದರೆ ಅಷ್ಟೂ ಕತ್ತರಿಸಿ ಮತ್ತೆ ಶುರು ಮಾಡಿ. ಕ್ಯಾಟ್6ರಲ್ಲಿ ನಡುವೆ ಪ್ಲಾಸ್ಟಿಕ್ಕಿನ ಕೂಡು ಗುರುತಿನಾಕಾರದ ಪಟ್ಟಿ ಇದ್ದರೆ ಅದನ್ನು ಕವಚದ ಅಂಚಿಗೇ ಕತ್ತರಿಸಬೇಕು.

ತಂತಿಗಳನ್ನು ಜೋಡಿಸಲು ಟಿ568ಎ, ಟಿ568ಬಿ ಎಂಬ ಎರಡು ಪ್ರಮಾಣಿತ ಬಣ್ಣದ ಕ್ರಮಗಳಿವೆ. ಟಿ568ಬಿ ಕ್ರಮ ಹೀಗೆ: 1 ಬಿಳಿ-ಕಿತ್ತಳೆ, 2 ಕಿತ್ತಳೆ, 3 ಬಿಳಿ-ಹಸಿರು, 4 ನೀಲಿ, 5 ಬಿಳಿ-ನೀಲಿ, 6 ಹಸಿರು, 7 ಬಿಳಿ-ಕಂದು, 8 ಕಂದು. ಕನೆಕ್ಟರಿನ ಕೊಂಡಿ ಹಿಂಬದಿಗೆ, ಚಿನ್ನದ ಬಣ್ಣದ ಹಲ್ಲುಗಳು ನಿಮ್ಮ ಕಡೆಗೆ, ಕೇಬಲ್ ಕೆಳಗಿನಿಂದ ಬರುವಂತೆ ಹಿಡಿದರೆ ಎಡತುದಿಯದು 1. ಟಿ568ಎ ಕ್ರಮದಲ್ಲಿ ಕಿತ್ತಳೆ ಜೋಡಿಯೂ ಹಸಿರು ಜೋಡಿಯೂ ಜಾಗ ಬದಲಿಸಿರುತ್ತವೆ, ಅಷ್ಟೇ. ವೇಗದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಮನೆಯಲ್ಲಿ ಮೊದಲೇ ಯಾವುದಿದೆಯೋ ಅದನ್ನೇ ಎರಡೂ ತುದಿಗೆ ಹಾಕಿ.

ಹಸಿರು ಜೋಡಿ 3 ಮತ್ತು 6ಕ್ಕೆ ಸೀಳಿ ಹೋಗಿರುವುದನ್ನು ಗಮನಿಸಿ. ನಡುವಿನ 4-5 ಹಿಂದಿನಿಂದಲೂ ದೂರವಾಣಿ ಜೋಡಿಯ ಜಾಗ. ಅದನ್ನು ಹಾಗೇ ಉಳಿಸಿಕೊಂಡು ಮುಂದಿನ ಜೋಡಿಯನ್ನು ಅದರ ಎರಡೂ ಪಕ್ಕಕ್ಕೆ ಕೂರಿಸಿದ್ದಾರೆ. ಹೆಚ್ಚಿನವರು ಎಡವುವುದು ಇಲ್ಲೇ.

ತಂತಿಗಳ ಹುರಿ ಬಿಚ್ಚಿ, ಬೆರಳಲ್ಲಿ ತೀಡಿ ನೇರ ಮಾಡಿ, ಕ್ರಮದಲ್ಲಿ ಒತ್ತಿ ಹಿಡಿದು, ಕವಚದಿಂದ 13 ಮಿ.ಮೀ.ಗೆ ಸರಿಯಾಗಿ ಒಂದೇ ಏಟಿಗೆ ಕತ್ತರಿಸಿ. 13 ಮಿ.ಮೀ. ಎಂಬುದು ಹುರಿ ಬಿಚ್ಚಲು ಇರುವ ಗರಿಷ್ಠ ಮಿತಿ, ಕಡಿಮೆಯಾದಷ್ಟೂ ಒಳ್ಳೆಯದು. ಹೆಬ್ಬೆರಳಿನ ಹಿಡಿತ ಸಡಿಲಿಸದೆ ಕನೆಕ್ಟರಿನೊಳಗೆ ತಳ್ಳಿ. ಕನೆಕ್ಟರನ್ನು ಮುಂದಿನಿಂದ ನೋಡಿದಾಗ ಎಂಟು ತಾಮ್ರದ ಚುಕ್ಕೆ ಕಾಣಬೇಕು. ಹಿಂಬದಿಯಲ್ಲಿ ಹೊರಕವಚ ಸುಮಾರು 6 ಮಿ.ಮೀ. ಒಳಗೆ ಹೋಗಿರಬೇಕು, ಏಕೆಂದರೆ ಕ್ರಿಂಪ್ ಮಾಡಿದಾಗ (ಟೂಲಿನಿಂದ ಅದುಮಿ ಕೂರಿಸಿದಾಗ) ಪ್ಲಾಸ್ಟಿಕ್ಕಿನ ಬೆಣೆ ಒತ್ತಬೇಕಾದ್ದು ಕವಚವನ್ನು, ತಂತಿಗಳನ್ನಲ್ಲ. ಕವಚ ಹೊರಗೇ ಉಳಿದರೆ ಕೇಬಲ್ ಎಳೆದಾಗಲೆಲ್ಲ ಭಾರ ಬೀಳುವುದು ಆ ಎಂಟು ಸಣ್ಣ ತಂತಿಗಳ ಮೇಲೆ.

ಬಣ್ಣಗಳನ್ನು ಇನ್ನೊಮ್ಮೆ ಓದಿ, ಆಮೇಲೆ ಕ್ರಿಂಪಿಂಗ್ ಟೂಲನ್ನು ಪೂರ್ತಿ ಅದುಮಿ. ಹಲ್ಲುಗಳು ಪ್ಲಾಸ್ಟಿಕ್ಕಿನ ಗೋಡೆಗಳಿಗಿಂತ ಕೆಳಗಿಳಿದಿರಬೇಕು. ಒಂದೇ ಒಂದು ಎದ್ದು ನಿಂತಿದ್ದರೂ ರೌಟರಿನ ಪೋರ್ಟಿನೊಳಗಿನ ಸ್ಪ್ರಿಂಗ್ ಬಾಗಿಹೋಗಬಹುದು. ತಂತಿ ಮುಂದಿನಿಂದ ಹೊರಬರುವ ಪಾಸ್‌ಥ್ರೂ ಕನೆಕ್ಟರಾದರೆ ಬ್ಲೇಡ್ ಇರುವ ಅದರದೇ ಟೂಲ್ ಬೇಕು. ಹೊರಚಾಚಿದ ತಾಮ್ರ ಉಳಿದರೆ ಅಕ್ಕಪಕ್ಕದ ತುದಿಗಳು ತಾಗಿ ಶಾರ್ಟ್ ಆಗಬಹುದು.

ಪರೀಕ್ಷೆ, ದೋಷ ಪತ್ತೆ

ಅಗ್ಗದ ಟೆಸ್ಟರ್ 1ರಿಂದ 8ರವರೆಗೆ ದೀಪ ಹೊತ್ತಿಸುತ್ತದೆ. ಒಂದು ದೀಪ ಹೊತ್ತದಿದ್ದರೆ ಆ ತಂತಿ ಹಲ್ಲಿಗೆ ತಾಗಿಲ್ಲ, ಇಲ್ಲವೇ ನಡುವೆ ತುಂಡಾಗಿದೆ. ಕ್ರಮ ತಪ್ಪಿ ಹೊತ್ತಿದರೆ ತಂತಿ ಅದಲುಬದಲಾಗಿದೆ. ಆದರೆ ಎಂಟೂ ಸರಿಯಾಗಿ ಹೊತ್ತಿದ ಮಾತ್ರಕ್ಕೆ ಕೇಬಲ್ ಸರಿಯಿದೆ ಎಂದಲ್ಲ. ಯಾರಾದರೂ ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಜೋಡಿಗಳನ್ನು ಸಾಲಾಗಿ ಎರಡೂ ತುದಿಗೆ ಕೂರಿಸಿದರು ಎನ್ನಿ. ಟೆಸ್ಟರಿಗೆ ಎಲ್ಲವೂ ಸರಿ. ಸಂಕೇತಕ್ಕೆ ಮಾತ್ರ 3 ಮತ್ತು 6 ಬೇರೆ ಬೇರೆ ಹುರಿಯಲ್ಲಿವೆ, ಗದ್ದಲ ಕಳೆಯುವುದಿಲ್ಲ, ಪಕ್ಕದ ಜೋಡಿಯ ಸಂಕೇತ ಇದಕ್ಕೆ ಸೋರುತ್ತದೆ. ಇದೇ ಸ್ಪ್ಲಿಟ್ ಪೇರ್. ಗಿಡ್ಡ ಕೇಬಲ್ಲಿನಲ್ಲಿ ಇದು ಗೊತ್ತೇ ಆಗದಿರಬಹುದು, ಉದ್ದ ಹೆಚ್ಚಿದಂತೆ ಪ್ಯಾಕೆಟ್ಟುಗಳು (ಕಳಿಸುವ ಮಾಹಿತಿಯ ತುಣುಕುಗಳು) ಬಿದ್ದುಹೋಗುತ್ತವೆ. ಹಾಗಾಗಿ ಟೆಸ್ಟರಿನ ಜೊತೆಗೆ ಕಣ್ಣಿನ ಪರೀಕ್ಷೆಯೂ ಬೇಕು, ದೊಡ್ಡ ಫೈಲ್ ಕಳಿಸಿ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಸಿಆರ್‌ಸಿ ದೋಷಗಳ (ಕೆಟ್ಟು ಬಂದ ಮಾಹಿತಿಯ) ಎಣಿಕೆ ಏರುತ್ತಿದೆಯೇ ಎಂದು ನೋಡುವುದೂ ಬೇಕು.

ಗಿಗಾಬಿಟ್ ಉಪಕರಣಗಳಿದ್ದೂ ಲಿಂಕ್ 100 ಎಂಬಿಪಿಎಸ್‌ಗೆ ನಿಂತರೆ ಮೊದಲ ಅನುಮಾನ 4, 5, 7, 8ರ ಮೇಲೆ. 100ಕ್ಕೆ 1-2 ಮತ್ತು 3-6 ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 1-2 ಅಥವಾ 3-6ರಲ್ಲೇ ತಂತಿ ತುಂಡಾಗಿದ್ದರೆ ಲಿಂಕ್ ದೀಪವೇ ಬರುವುದಿಲ್ಲ. ಕ್ರಿಂಪ್ ಮಾಡಿದ ಕನೆಕ್ಟರನ್ನು ಮತ್ತೆ ಬಳಸಲಾಗದು, ತುಂಡರಿಸಿ ಹೊಸದು ಹಾಕಬೇಕು. ಅದಕ್ಕೇ ಪ್ರತಿ ತುದಿಯಲ್ಲೂ 20 ಸೆಂ.ಮೀ.ನಷ್ಟು ಹೆಚ್ಚುವರಿ ಕೇಬಲ್ ಬಿಡಿ.

ಗೋಡೆಯಿಂದ ಬರುವ ಸಾಲಿಡ್ ಕೇಬಲ್ಲಿಗೆ ಕನೆಕ್ಟರಿಗಿಂತ ಕೀಸ್ಟೋನ್ ಜ್ಯಾಕ್ (ಗೋಡೆಯ ಫಲಕದಲ್ಲಿ ಕೂರುವ ಸಾಕೆಟ್) ಹಾಕಿ, ಅಲ್ಲಿಂದ ಉಪಕರಣಕ್ಕೆ ಸಿದ್ಧ ಪ್ಯಾಚ್ ಕಾರ್ಡ್ ಕೊಡುವುದು ನನ್ನ ಪ್ರಕಾರ ಉತ್ತಮ. ಗಟ್ಟಿ ತಂತಿ ಪದೇಪದೇ ಬಾಗುವುದಕ್ಕೆ ಮಾಡಿದ್ದಲ್ಲ. ಜ್ಯಾಕಿನ ಪಕ್ಕದಲ್ಲಿ ಎ, ಬಿ ಎರಡೂ ಬಣ್ಣದ ಗುರುತಿರುತ್ತವೆ, ಮನೆಯಲ್ಲಿ ಬಳಸಿದ ಕ್ರಮದ ಸಾಲನ್ನೇ ಅನುಸರಿಸಿ. ತಂತಿಯನ್ನು ಜ್ಯಾಕಿನ ಸೀಳಿಗೆ ಒತ್ತುವ ಪಂಚ್ ಡೌನ್ ಟೂಲಿನ ಕತ್ತರಿಸುವ ಅಂಚು ಜ್ಯಾಕಿನ ಹೊರಬದಿಗೆ ಇರಲಿ. ಒಳಬದಿಗಿದ್ದರೆ ಉಳಿಯಬೇಕಾದ ತಂತಿಯೇ ತುಂಡಾಗುತ್ತದೆ.