ಬೈಕಿಗೆ ಕಟ್ಟಿದ ಕ್ಯಾಮೆರಾದಲ್ಲಿ ರಸ್ತೆ ಯಾಕೆ ಅಲೆಅಲೆಯಾಗಿ ಕಾಣುತ್ತದೆ?

ಪ್ರಶ್ನೆ: ನನ್ನದು ಸಿಂಗಲ್ ಸಿಲಿಂಡರ್ 350 ಸಿಸಿ ಗಾಡಿ. ಹ್ಯಾಂಡಲ್‌ಗೆ ಆಕ್ಷನ್ ಕ್ಯಾಮೆರಾ ಕಟ್ಟಿ ಓಡಿಸಿದರೆ ವಿಡಿಯೋದಲ್ಲಿ ರಸ್ತೆ, ಲೈಟ್ ಕಂಬ ಎಲ್ಲಾ ನೀರಿನೊಳಗೆ ಕಂಡ ಹಾಗೆ ಅಲುಗುತ್ತವೆ. ಕ್ಯಾಮೆರಾ ಕೆಟ್ಟಿದೆಯಾ? ಲೆನ್ಸ್ ಬೇರೆ, ರೆಕಾರ್ಡರ್ ಬೇರೆ ಇರುವ ಸೆಟ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ಕ್ಯಾಮೆರಾ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಹೊಸ ಸೆಟ್‌ಗೆ ದುಡ್ಡು ಹಾಕುವ ಮೊದಲು, ಇರುವ ಕ್ಯಾಮೆರಾ ಕೂರುವ ಜಾಗ ಬದಲಿಸಿ ನೋಡಿ.

ಒಂದು ಮಳೆಗಾಲದಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿದಿದ್ದೆ. ಬಂಡೆಗಳ ಮೇಲಿಂದ ನೀರು ರಸ್ತೆಗೇ ಇಳಿಯುತ್ತಿತ್ತು, ಮಂಜು ಕಣಿವೆ ತುಂಬಿತ್ತು. ಮನೆಗೆ ಬಂದು ಟಿವಿಗೆ ಹಾಕಿದರೆ ತಡೆಗೋಡೆಯ ಕಪ್ಪು-ಬಿಳಿ ಪಟ್ಟಿಗಳು ಹಾವಿನಂತೆ ಹೊರಳುತ್ತಿದ್ದವು. ಒಂದು ನಿಮಿಷವೂ ನೋಡುವ ಹಾಗಿರಲಿಲ್ಲ. ಆ ಬೇಸರದಲ್ಲೇ ಕಾರಣ ಹುಡುಕಲು ಕೂತೆ.

ಇಂಥ ಚಿಕ್ಕ ಕ್ಯಾಮೆರಾಗಳ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ಇಡೀ ಚಿತ್ರವನ್ನು ಒಂದೇ ಏಟಿಗೆ ತೆಗೆಯುವುದಿಲ್ಲ. ಮೇಲಿಂದ ಕೆಳಕ್ಕೆ ಒಂದೊಂದೇ ಸಾಲು ಓದುತ್ತಾ ಬರುತ್ತದೆ. ಇದಕ್ಕೆ ರೋಲಿಂಗ್ ಶಟರ್ ಅನ್ನುತ್ತಾರೆ. ಓಡುವ ಬಸ್ಸಿನಲ್ಲಿ ಕೂತು ಸ್ಕೇಲ್ ಇಟ್ಟು ಗೆರೆ ಎಳೆದಂತೆ: ಸ್ಕೇಲ್ ನೆಟ್ಟಗೇ ಇದೆ, ಗೆರೆ ಮಾತ್ರ ಡೊಂಕು. ಈಗ ಇಂಜಿನ್ ಲೆಕ್ಕ ಹಾಕಿ. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಸೆನ್ಸರ್ ಒಂದು ಚಿತ್ರ ಓದಿ ಮುಗಿಸಲು 16 ಮಿಲಿಸೆಕೆಂಡ್ ತೆಗೆದುಕೊಂಡಿತು ಅಂದುಕೊಳ್ಳಿ. ಅಷ್ಟರಲ್ಲಿ ಹ್ಯಾಂಡಲ್ ಹೆಚ್ಚುಕಡಿಮೆ ಒಂದು ಸಲ ಆಚೆ ಹೋಗಿ ಈಚೆ ಬಂದಿರುತ್ತದೆ. ಕಂಬದ ತುದಿ ಒಂದು ಕಡೆ, ನಡು ಇನ್ನೊಂದು ಕಡೆ ದಾಖಲಾಗುತ್ತದೆ. ನೀವು ನೋಡುತ್ತಿರುವ ಅಲೆ ಅದೇ.

‘ಸ್ಟೆಬಿಲೈಸೇಶನ್ ಆನ್ ಮಾಡಿದ್ದೀನಲ್ಲ’ ಅಂತ ಹಲವರು ಕೇಳುತ್ತಾರೆ. ಅದು ವಿಡಿಯೋದ ಅಲುಗಾಟ ತಿದ್ದುವ ಸೌಲಭ್ಯ; ಗುಂಡಿ, ಹಂಪ್, ತಿರುವಿನ ವಾಲಾಟವನ್ನು ಚೆನ್ನಾಗಿ ತಿದ್ದುತ್ತದೆ. ಒಂದೇ ಚಿತ್ರದೊಳಗೆ ಸೇರಿಹೋದ ಇಂಜಿನ್ ನಡುಕವನ್ನು ತಿದ್ದುವುದು ಅದಕ್ಕೂ ಕಷ್ಟ. ಸಂಜೆ ಹೊತ್ತು, ಕಾಡಿನ ನೆರಳಲ್ಲಿ ಶಟರ್ ನಿಧಾನವಾದಾಗ ಮಸುಕೂ ಸೇರಿ ಇನ್ನಷ್ಟು ಕೆಡುತ್ತದೆ.

ಜಾಗ ಬದಲಿಸಿ ಅಂದೆನಲ್ಲ. ಹ್ಯಾಂಡಲ್ ನಡುವೆ ಹಿಡಿದಿರುವ ಪೈಪು, ತುದಿಗೆ ಹೋದಷ್ಟೂ ನಡುಕ ಜಾಸ್ತಿ. ಎಷ್ಟೋ ಗಾಡಿಗಳಲ್ಲಿ ಹ್ಯಾಂಡಲ್ ತುದಿಗೆ ಭಾರದ ತುಂಡು ಕೂರಿಸಿರುವುದೇ ಈ ನಡುಕ ತಗ್ಗಿಸಲು. ಕನ್ನಡಿ ಕಡ್ಡಿಗೆ ಕ್ಯಾಮೆರಾ ಕಟ್ಟುವುದನ್ನಂತೂ ಬಿಟ್ಟೇಬಿಡಿ. ಉದ್ದ ತೋಳಿನ ಮೌಂಟ್ ಬೇಡ, ಒಂದೊಂದು ಕೀಲೂ ಅಲುಗಾಟ ಹೆಚ್ಚಿಸುತ್ತದೆ. ಪಂಚರ್ ಅಂಗಡಿಯಲ್ಲಿ ಹಳೇ ಟ್ಯೂಬಿನ ತುಂಡು ಕೇಳಿ ತಂದು, ಕ್ಲ್ಯಾಂಪ್ ಕೆಳಗೆ ಎರಡು ಸುತ್ತು ಸುತ್ತಿ ಬಿಗಿ ಮಾಡಿ. ನನ್ನ ಗಾಡಿಯಲ್ಲಿ ಇದರಿಂದ ನಡುಕ ಕಣ್ಣಿಗೆ ಕಾಣುವಷ್ಟು ಇಳಿಯಿತು, ಪೂರ್ತಿ ಹೋಗಲಿಲ್ಲ. ಪೂರ್ತಿ ಹೋಗಿದ್ದು ಹೆಲ್ಮೆಟ್ಟಿನ ಗಲ್ಲದ ಭಾಗಕ್ಕೆ ಕ್ಯಾಮೆರಾ ಕಟ್ಟಿದಾಗ. ಸೀಟಿನಿಂದ ಬರುವ ನಡುಕವನ್ನು ನಮ್ಮ ಸೊಂಟ, ಬೆನ್ನು, ಕುತ್ತಿಗೆ ಮೊದಲೇ ನುಂಗಿಬಿಡುತ್ತವೆ. ಪಟ್ಟಿಯಿಂದ ಬಿಗಿಯುವ ಮೌಂಟ್ ತಗೊಳ್ಳಿ. ಹೆಲ್ಮೆಟ್‌ಗೆ ತೂತು ಕೊರೆದು ಸ್ಕ್ರೂ ಹಾಕಬೇಡಿ, ತಲೆ ಕಾಯುವ ಚಿಪ್ಪು ಅದು.

ದೂರದ ಊರಿಗೆ ಹೊರಡುವ ಮೊದಲು ಮನೆ ಹತ್ತಿರವೇ ಎರಡು ಕಿಲೋಮೀಟರ್ ಪರೀಕ್ಷೆ ಮಾಡಿ. ರೆಕಾರ್ಡಿಂಗ್ ಶುರು ಮಾಡಿ, ಸ್ಪೀಡೋಮೀಟರ್ ನೋಡಿಕೊಂಡು ‘ನಲವತ್ತು... ಐವತ್ತು... ಅರವತ್ತು’ ಅಂತ ಜೋರಾಗಿ ಹೇಳುತ್ತಾ ಓಡಿಸಿ. ಆಮೇಲೆ ದೊಡ್ಡ ಪರದೆಯಲ್ಲಿ ಗೇಟಿನ ಸರಳು, ಕರೆಂಟ್ ಕಂಬ, ಇಂಥ ನೆಟ್ಟಗಿನ ಗೆರೆಗಳನ್ನೇ ನೋಡಿ. ಯಾವ ವೇಗದಲ್ಲಿ ಅಲೆ ಏಳುತ್ತದೆ ಅನ್ನುವುದನ್ನು ನಿಮ್ಮ ದನಿಯೇ ಹೇಳುತ್ತದೆ. ಗಾಳಿ ಸದ್ದು ಎಷ್ಟಿದೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಆಕ್ಷನ್ ಕ್ಯಾಮೆರಾ ಬದಲು ಫೋನ್ ಕಟ್ಟುವ ಯೋಚನೆ ಇದ್ದರೆ ಬಿಡಿ. ಹೆಚ್ಚು ಶಕ್ತಿಯ ಬೈಕ್ ಇಂಜಿನ್ನುಗಳ ನಡುಕದಿಂದ ಐಫೋನ್ ಕ್ಯಾಮೆರಾದ ಕೆಲಸ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಫೋನಿನ ಲೆನ್ಸ್ ಹಿಡಿದು ಆಡಿಸುವ ಭಾಗ ಅಷ್ಟು ಸೂಕ್ಷ್ಮ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ರೆಕಾರ್ಡರ್ ಬ್ಯಾಗಿನಲ್ಲೋ ಸೀಟಿನ ಕೆಳಗೋ ಇದ್ದರೂ ಸೆನ್ಸರ್ ಇರುವುದು ಲೆನ್ಸಿನ ಹಿಂದೆಯೇ, ಅಂದರೆ ನಡುಗುವ ಜಾಗದಲ್ಲೇ. ಹಾಗಾಗಿ ಅಲೆ ಅಲ್ಲೂ ಬರುತ್ತದೆ. ಈ ಸೆಟ್ಟಿನ ಲಾಭ ಬೇರೆ: ಹೆಬ್ಬೆರಳಿನಷ್ಟು ಹಗುರ ಲೆನ್ಸನ್ನು ಎಲ್ಲಿ ಬೇಕಾದರೂ ಕೂರಿಸಬಹುದು, ಮೆಮೊರಿ ಕಾರ್ಡ್ ಮಳೆಗೆ ಸಿಕ್ಕುವುದಿಲ್ಲ, ಗಾಡಿಯ 12 ವೋಲ್ಟ್ ಬ್ಯಾಟರಿಯಿಂದಲೇ ದಿನವಿಡೀ ಓಡುತ್ತದೆ. ಕಾರ್ಡ್ ಮಾತ್ರ ದೊಡ್ಡದು ಬೇಕು. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ತೆಗೆದರೆ ಗಂಟೆಗೆ 45 ಜಿಬಿ ಬೇಕಾಗುತ್ತದೆ; 64 ಜಿಬಿ ಕಾರ್ಡ್ ಒಂದೂವರೆ ಗಂಟೆಯೂ ಬರುವುದಿಲ್ಲ.

ಒಂದು ಎಚ್ಚರಿಕೆ. ಸಾಮಾನ್ಯ ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಅನ್ನುವ ಪಟ್ಟಿಯನ್ನು ರೆಕಾರ್ಡರ್ ಕೊನೆಯಲ್ಲಿ, ರೆಕಾರ್ಡಿಂಗ್ ನಿಲ್ಲಿಸಿದಾಗ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಫೈಲ್ ಇರುತ್ತದೆ, ಸೈಜೂ ತೋರಿಸುತ್ತದೆ, ತೆರೆಯುವುದೇ ಇಲ್ಲ. ಆದ್ದರಿಂದ ಒಂದು ಅಥವಾ ಮೂರು ನಿಮಿಷದ ತುಂಡುಗಳಾಗಿ ಉಳಿಸುವ ಸೆಟ್ಟಿಂಗ್ ಇಟ್ಟುಕೊಳ್ಳಿ; ಹೋದರೂ ಕೊನೆಯ ತುಂಡು ಮಾತ್ರ ಹೋಗುತ್ತದೆ. ಮನೆ ಮುಟ್ಟಿದ ಮೇಲೆ ಮೊದಲು ರೆಕಾರ್ಡಿಂಗ್ ನಿಲ್ಲಿಸಿ, ರೆಕಾರ್ಡರ್‌ನ ದೀಪ ಆರುವವರೆಗೆ ಕಾಯಿರಿ, ಆಮೇಲೆ ಗಾಡಿಯ ಕೀ ತಿರುಗಿಸಿ.