‘ಏನೂ ಅನಿಸಲಿಲ್ಲ’ ಎನ್ನುವ ಹುಡುಗರು

ಅಪರಾಧ ಎಸಗಿದ ಹದಿಹರೆಯದವರ ಬಗ್ಗೆ ಬರೆಯುವ ವರದಿಗಳಲ್ಲಿ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘ಮಾಡಿದ ಕೃತ್ಯದ ಬಗ್ಗೆ ಪಶ್ಚಾತ್ತಾಪ ಕಂಡುಬರಲಿಲ್ಲ.’ ಬರೆದವರು ಕೆಟ್ಟವರಲ್ಲ. ಅರ್ಧ ಗಂಟೆ ಹುಡುಗನ ಎದುರು ಕುಳಿತು, ‘ಅವನಿಗೆ ಹೊಡೆದಾಗ ನಿನಗೆ ಏನನಿಸಿತು?’ ಎಂದು ಕೇಳಿರುತ್ತಾರೆ. ಅವನು ನೆಲ ನೋಡುತ್ತಾ ‘ಏನೂ ಅನಿಸಲಿಲ್ಲ’ ಎಂದಿರುತ್ತಾನೆ. ಕೇಳಿದ್ದನ್ನೇ ಅವರು ಬರೆದಿದ್ದಾರೆ. ಆದರೆ ಆ ಒಂದು ಸಾಲು ಅವನ ಕಡತದ ಜೊತೆಗೇ ಹೋಗುತ್ತದೆ. ಮುಂದೆ ನ್ಯಾಯಾಧೀಶರು, ಶಿಕ್ಷಕರು, ಕೆಲವೊಮ್ಮೆ ಹೆತ್ತ ತಾಯಿಯೂ ಅವನನ್ನು ಅದರ ಮೂಲಕವೇ ನೋಡತೊಡಗುತ್ತಾರೆ. ಇಂಥ ಹುಡುಗರ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನನಗೆ ಆ ಸಾಲಿನ ಮೇಲೆ ತಕರಾರಿದೆ. ಪಶ್ಚಾತ್ತಾಪ ಇದೆಯೋ ಇಲ್ಲವೋ ಎಂಬುದು ಅಷ್ಟು ಬೇಗ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಆ ಹಂತದಲ್ಲಿ ಹುಡುಗನ ಬಳಿ ಉತ್ತರ ಕೊಡಲು ಬೇಕಾದ ಸಾಮಗ್ರಿಯೇ ಇರುವುದಿಲ್ಲ.

ಭಾವನಾತ್ಮಕ ಬುದ್ಧಿವಂತಿಕೆ ಎಂಬ ಮಾತು ಕಂಪನಿಗಳ ತರಬೇತಿ ಶಿಬಿರಗಳಲ್ಲಿ ಓಡಾಡಿ ಸಾಕಷ್ಟು ಸವೆದಿದೆ. 1990ರಲ್ಲಿ ಪೀಟರ್ ಸಲೋವಿ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಅದನ್ನು ಸಿದ್ಧಾಂತವಾಗಿ ಮಂಡಿಸಿದಾಗ ಅದಕ್ಕೆ ಒಳ್ಳೆಯತನದ ಲೇಪ ಇರಲಿಲ್ಲ. ಆಗ ಮತ್ತು ಮುಂದಿನ ಬರಹಗಳಲ್ಲಿ ಅವರು ಹೇಳಿದ್ದು ಕೆಲವು ಸಾಮರ್ಥ್ಯಗಳ ಬಗ್ಗೆ: ತನ್ನ ಹಾಗೂ ಇತರರ ಭಾವನೆಯನ್ನು ಗುರುತಿಸುವುದು, ಅದನ್ನು ಯೋಚನೆಗೆ ಬಳಸುವುದು, ಒಂದು ಭಾವನೆ ಯಾವಾಗ ಇನ್ನೊಂದಾಗಿ ತಿರುಗುತ್ತದೆ ಎಂದು ತಿಳಿಯುವುದು, ಅದನ್ನು ನಿಭಾಯಿಸುವುದು. ಒಂದರಲ್ಲಿ ಚುರುಕಾಗಿರುವವರು ಇನ್ನೊಂದರಲ್ಲಿ ತೀರಾ ಹಿಂದುಳಿದಿರಬಹುದು. ನಾನು ನೋಡುವ ಹುಡುಗರಲ್ಲಿ ಬಹಳ ಮಂದಿ ಇತರರ ಭಾವನೆಯನ್ನು ಗುರುತಿಸುವುದರಲ್ಲಿ ನಮಗಿಂತ ಮುಂದಿದ್ದಾರೆ. ಕಾವಲುಗಾರನ ಹೆಜ್ಜೆ ಸಪ್ಪಳದಲ್ಲೇ ಅವನ ಅಂದಿನ ಮೂಡು ಹೇಳಬಲ್ಲರು. ಏಟು ತಿಂದು ಬೆಳೆದ ಮನೆ ಕಲಿಸುವ ವಿದ್ಯೆ ಅದು.

ಆದರೆ ಆ ವಿದ್ಯೆಗೆ ಒಂದು ಓರೆ ಇದೆ. ಸೆತ್ ಪೊಲಾಕ್ ಎಂಬ ಸಂಶೋಧಕರು ದೈಹಿಕ ಹಿಂಸೆ ಅನುಭವಿಸಿದ ಮಕ್ಕಳಿಗೆ ಮುಖಗಳ ಚಿತ್ರ ತೋರಿಸಿ ಪರೀಕ್ಷಿಸಿದರು. ಚಿತ್ರ ಇನ್ನೂ ಮಸುಕಾಗಿರುವಾಗಲೇ ಆ ಮಕ್ಕಳು ಸಿಟ್ಟಿನ ಮುಖವನ್ನು ಪತ್ತೆ ಹಚ್ಚಿದರು. ಅದರ ಜೊತೆಗೆ, ಬೇರೆ ಭಾವಗಳು ಬೆರೆತ ಮುಖಗಳನ್ನೂ ಸಿಟ್ಟೆಂದೇ ಓದಿದರು. ಕೆನೆತ್ ಡಾಜ್ 1980ರಲ್ಲಿ ಆಕ್ರಮಣಕಾರಿ ಸ್ವಭಾವದ ಬಾಲಕರಲ್ಲಿ ಕಂಡದ್ದೂ ಇದಕ್ಕೆ ಹತ್ತಿರದ್ದೇ: ಯಾರೋ ತಾಗಿದ್ದು ಬೇಕೆಂದೇ ತಾಗಿದ್ದೋ ಆಕಸ್ಮಿಕವೋ ಎಂಬುದು ಸ್ಪಷ್ಟವಿಲ್ಲದಾಗ ಅವರು ಹಗೆತನವನ್ನೇ ಊಹಿಸುತ್ತಾರೆ. ‘ಅವನು ನನ್ನನ್ನು ನೋಡಿದ, ಮೇಡಂ’ ಎಂದು ಹುಡುಗ ಹೇಳಿದಾಗ ನಮಗದು ಹೊಡೆತಕ್ಕೆ ಕಾರಣವೇ ಅಲ್ಲ ಎನಿಸುತ್ತದೆ. ಅವನ ಲೆಕ್ಕದಲ್ಲಿ ಜಗಳ ಶುರು ಮಾಡಿದವನು ನೋಡಿದವನೇ.

ಈಗ ಅವನ ವಯಸ್ಸನ್ನು ಇದಕ್ಕೆ ಸೇರಿಸಿಕೊಳ್ಳಿ. ‘ಹದಿಹರೆಯದ ಮಿದುಳು ಪೂರ್ತಿ ಬೆಳೆದಿರುವುದಿಲ್ಲ’ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ, ಮತ್ತು ಅರ್ಧಂಬರ್ಧವಾಗಿ ಇದೆ. ಶಾಂತವಾಗಿ ಕುಳಿತು, ಸಮಯ ತೆಗೆದುಕೊಂಡು ಯೋಚಿಸುವ ಸಾಮರ್ಥ್ಯ ಹದಿನಾರರ ಸುಮಾರಿಗೆ ದೊಡ್ಡವರಷ್ಟೇ ಇರುತ್ತದೆ. ಭಾವನೆ ಕುದಿಯುತ್ತಿರುವಾಗ, ಗೆಳೆಯರು ಸುತ್ತ ನಿಂತಿರುವಾಗ ತನ್ನನ್ನು ತಾನು ತಡೆಯುವ ಸಾಮರ್ಥ್ಯ ಪಕ್ವವಾಗುವುದು ಇಪ್ಪತ್ತು ದಾಟಿದ ಮೇಲೆ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ವಯೋಮಾನದವರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟರು. ಜೊತೆಗಾರರು ನೋಡುತ್ತಿದ್ದಾಗ ಹದಿಹರೆಯದವರು ಒಬ್ಬರೇ ಆಡುವಾಗಿನದಕ್ಕಿಂತ ಬಹಳ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. 24 ದಾಟಿದವರಲ್ಲಿ ಆ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿಯೇ ನನ್ನ ಕೋಣೆಯಲ್ಲಿ ಒಬ್ಬನೇ ಕುಳಿತ ಹುಡುಗ ‘ಕದಿಯುವುದು ತಪ್ಪು’ ಎಂದು ಚೆನ್ನಾಗಿ ವಾದಿಸುತ್ತಾನೆ. ಅವನು ನಾಟಕ ಮಾಡುತ್ತಿಲ್ಲ. ಆ ಕೋಣೆಯಲ್ಲಿ ಅವನಿಗೆ ಅದು ನಿಜ. ನೀತಿಪಾಠದ ಪರೀಕ್ಷೆಯಲ್ಲಿ ಅವನು ಯಾವತ್ತೋ ಪಾಸಾಗಿದ್ದಾನೆ. ಆದ್ದರಿಂದಲೇ ಇನ್ನಷ್ಟು ನೀತಿಪಾಠದಿಂದ ಏನೂ ಆಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ಕ್ಷೇತ್ರದವರೇ ಸಾಕಷ್ಟು ಗಮನಿಸಿಲ್ಲ: ಭಾಷೆ. ಆಸ್ಟ್ರೇಲಿಯಾದ ಪಮೇಲಾ ಸ್ನೋ ಮತ್ತು ಮಾರ್ಟೀನ್ ಪವೆಲ್ ನಡೆಸಿದ ಅಧ್ಯಯನಗಳಲ್ಲಿ ಅಪರಾಧ ಎಸಗಿದ ಕಿರಿಯರ ಪೈಕಿ ಸುಮಾರು ಅರ್ಧದಷ್ಟು ಹುಡುಗರಿಗೆ ಅದುವರೆಗೆ ಯಾರೂ ಪತ್ತೆ ಮಾಡಿರದ ಭಾಷಾ ತೊಂದರೆ ಇತ್ತು. ಕೇಳಿದ ಉದ್ದನೆಯ ವಾಕ್ಯವನ್ನು ಹಿಡಿದಿಟ್ಟುಕೊಳ್ಳಲು, ನಡೆದದ್ದನ್ನು ಕ್ರಮವಾಗಿ ಹೇಳಲು ಅವರಿಗೆ ಕಷ್ಟ. ಇಂಥವನನ್ನು ಅಪರಿಚಿತರ ಮುಂದೆ ಕೂರಿಸಿ ‘ನಿನ್ನ ಕೃತ್ಯದಿಂದ ಆ ಕುಟುಂಬಕ್ಕೆ ಆಗಿರುವ ಮಾನಸಿಕ ಆಘಾತದ ಬಗ್ಗೆ ನಿನ್ನ ಅಭಿಪ್ರಾಯವೇನು?’ ಎಂದು ಕೇಳಿದರೆ ಭುಜ ಕುಣಿಸದೆ ಇನ್ನೇನು ಮಾಡುತ್ತಾನೆ? ಆ ಭುಜ ಕುಣಿತವೇ ಉಡಾಫೆ ಎಂದು ದಾಖಲಾಗುತ್ತದೆ.

ಹಾಗಾದರೆ ನಾವು ಮಾಡುವ ಕೆಲಸವೇನು? ಬಹುಪಾಲು ಅದು ಬೇಸರ ಹಿಡಿಸುವಷ್ಟು ನಿಧಾನದ ಕೆಲಸ. ಒಂದು ಮಾದರಿ ಹೇಳುತ್ತೇನೆ; ಗುರುತು ಸಿಗಬಾರದೆಂದು ಹಲವು ಹುಡುಗರ ಮಾತನ್ನು ಒಬ್ಬನ ಬಾಯಲ್ಲಿ ಇಟ್ಟಿದ್ದೇನೆ. ಮೊದಲ ಸಲ ಅವನ ಕಥೆ ಎರಡೇ ವಾಕ್ಯ: ‘ಅವನು ನೋಡಿದ. ನಾನು ಹೊಡೆದೆ.’ ನಾನು ಏಕೆ ಎಂದು ಕೇಳುವುದಿಲ್ಲ. ಏಕೆ ಎಂಬ ಪ್ರಶ್ನೆ ಅವನ ಕಿವಿಗೆ ಬೈಗುಳದಂತೆಯೇ ಕೇಳಿಸುತ್ತದೆ. ಬದಲಾಗಿ, ಅವನು ಎಲ್ಲಿ ನಿಂತಿದ್ದ, ನೀನು ಎಲ್ಲಿ, ನಿನ್ನ ಕೈಯಲ್ಲಿ ಏನಿತ್ತು, ಪಕ್ಕದಲ್ಲಿ ಯಾರಿದ್ದರು ಎಂದು ಕೇಳುತ್ತೇನೆ. ಹಾಳೆಯ ಮೇಲೆ ಚುಕ್ಕೆಗಳನ್ನಿಟ್ಟು ಅವನೇ ತೋರಿಸುತ್ತಾನೆ. ಮುಂದಿನ ಭೇಟಿಯಲ್ಲಿ ಮತ್ತೆ ಅದೇ ಕಥೆ. ಹೀಗೆ ಹೇಳುತ್ತಾ ಹೋದಾಗ ಒಂದು ದಿನ ಎರಡು ವಾಕ್ಯಗಳ ನಡುವೆ ಹೊಸದೊಂದು ತೂರಿಕೊಳ್ಳುತ್ತದೆ.

‘ನನ್ನ ಪಕ್ಕದಲ್ಲಿದ್ದವನು ನಕ್ಕ.’

‘ನಕ್ಕಾಗ ಮೈಗೆ ಏನಾಯಿತು?’

‘ಕಿವಿ ಬಿಸಿಯಾಯಿತು.’

‘ಆಮೇಲೆ?’

‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು.’

‘ಏನೂ ಅನಿಸಲಿಲ್ಲ’ ಎಂದಿದ್ದ ಹುಡುಗನೇ ಇವನು. ಅವನು ಈವರೆಗೆ ಅದನ್ನು ಸಿಟ್ಟು ಎಂದು ಕರೆಯುತ್ತಿದ್ದ, ಏಕೆಂದರೆ ಅವನು ಬೆಳೆದ ಕಡೆ ಗಂಡುಮಕ್ಕಳಿಗೆ ಒಪ್ಪಿತವಾದ ಭಾವನೆ ಅದೊಂದೇ. ಅದು ಅವಮಾನ. ಸಿಟ್ಟಿಗೆ ಎದುರಾಳಿಯನ್ನು ಹೊಡೆಯುವುದು ಪರಿಹಾರದಂತೆ ತೋರಬಹುದು; ಅವಮಾನವಾಗಿದೆ ಎಂದು ಗೊತ್ತಾದವನಿಗೆ ಅಲ್ಲಿಂದ ಎದ್ದು ಹೋಗುವುದೂ ಒಂದು ದಾರಿಯಾಗಿ ಕಾಣುತ್ತದೆ. ಭಾವನೆಗೆ ಹೆಸರಿಡುವುದರಿಂದಲೇ ಸ್ವಲ್ಪ ತಣ್ಣಗಾಗುತ್ತದೆ ಎಂಬುದಕ್ಕೆ ಪುರಾವೆಯೂ ಇದೆ: ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಮಿದುಳು ಸ್ಕ್ಯಾನ್ ಅಧ್ಯಯನದಲ್ಲಿ, ಮುಖದ ಭಾವಕ್ಕೆ ಪದ ಹೊಂದಿಸಿದಾಗ ಭಯ, ಅಪಾಯಗಳಿಗೆ ತಟ್ಟನೆ ಸ್ಪಂದಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ಇಳಿದಿತ್ತು.

ಗುಂಪಿನಲ್ಲಿ ಮಾಡಬಹುದಾದ ಅಭ್ಯಾಸಗಳೂ ಇವೆ. ಷಿಕಾಗೋದ ಶಾಲೆಗಳಲ್ಲಿ ಹುಡುಗರಿಗಾಗಿ ನಡೆಯುವ ‘ಬಿಕಮಿಂಗ್ ಎ ಮ್ಯಾನ್’ ಕಾರ್ಯಕ್ರಮದ ಒಂದು ಆಟ ನನಗೆ ಬಹಳ ಇಷ್ಟ. ಇಬ್ಬಿಬ್ಬರ ಜೋಡಿ. ಒಬ್ಬನ ಮುಷ್ಟಿಯಲ್ಲಿ ಚೆಂಡು. ಮೂವತ್ತು ಸೆಕೆಂಡಿನೊಳಗೆ ಅದನ್ನು ತೆಗೆದುಕೊಳ್ಳಬೇಕು ಎಂದು ಇನ್ನೊಬ್ಬನಿಗೆ ಹೇಳಲಾಗುತ್ತದೆ. ಎಲ್ಲರೂ ಬೆರಳು ಬಿಡಿಸಲು, ಕೈ ತಿರುಚಲು ತೊಡಗುತ್ತಾರೆ. ‘ಕೊಡುತ್ತೀಯಾ ಎಂದು ಯಾಕೆ ಕೇಳಲಿಲ್ಲ?’ ಎಂದು ಆಮೇಲೆ ಕೇಳಿದರೆ, ‘ಕೇಳಿದ್ದರೆ ಅವನೇನು ಕೊಡುತ್ತಿದ್ದನೇ?’ ಎನ್ನುತ್ತಾರೆ. ಆಗ ಚೆಂಡು ಹಿಡಿದಿದ್ದವನ ಕಡೆ ತಿರುಗಿದರೆ, ‘ಕೊಡುತ್ತಿದ್ದೆ, ಅದೊಂದು ಚೆಂಡು ತಾನೇ?’ ಎಂಬ ಉತ್ತರ. ಉಪದೇಶವಿಲ್ಲದೆ ಊಹೆಯೊಂದು ಅಲ್ಲೇ ಮುರಿದು ಬೀಳುತ್ತದೆ. ಚೀಟಿ ಎತ್ತಿ ಆಯ್ಕೆ ಮಾಡಿದ ಗುಂಪುಗಳ ಹೋಲಿಕೆಯಲ್ಲಿ, ಕಾರ್ಯಕ್ರಮ ನಡೆಯುತ್ತಿದ್ದ ಅವಧಿಯಲ್ಲಿ ಹಿಂಸೆಯ ಅಪರಾಧಗಳಿಗಾಗಿ ಆದ ಬಂಧನಗಳು ಶೇ. 45ರಿಂದ 50ರಷ್ಟು ಕಡಿಮೆಯಿದ್ದವು. ಕಾರ್ಯಕ್ರಮ ಮುಗಿದ ಮೇಲೆ ಬಂಧನಗಳ ಮೇಲಿನ ಆ ಪರಿಣಾಮ ಉಳಿಯಲಿಲ್ಲ ಎಂಬುದನ್ನೂ ಹೇಳಲೇಬೇಕು. ಆರು ವಾರಗಳ ಶಿಬಿರ ಮಾಡಿ ಪ್ರಮಾಣಪತ್ರ ಹಂಚುವವರು ಈ ಭಾಗವನ್ನು ಜಾಣತನದಿಂದ ಬಿಟ್ಟುಬಿಡುತ್ತಾರೆ.

ಹೆದರಿಸಿ ತಿದ್ದುವ ವಿಧಾನಕ್ಕೆ ಜನಪ್ರಿಯತೆ ಕುಂದುವುದೇ ಇಲ್ಲ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ಜೈಲೊಂದಕ್ಕೆ ಹುಡುಗರನ್ನು ಕರೆದೊಯ್ದು ಜೀವಾವಧಿ ಕೈದಿಗಳಿಂದ ಬೈಸಿ, ಬೆದರಿಸಿ ಕಳುಹಿಸುವ ಕ್ರಮ ಶುರುವಾಯಿತು. ಮುಂದೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದಾಗ, ಹೋಗಿ ಬಂದವರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಕಂಡಿತು. ಸುಮ್ಮನೆ ಬಿಟ್ಟಿದ್ದರೇ ಲೇಸಿತ್ತು! ಒರಟು ಹುಡುಗರನ್ನೇ ಒಂದೆಡೆ ಗುಂಪು ಮಾಡಿ ‘ಗುಂಪು ಸಮಾಲೋಚನೆ’ ನಡೆಸುವುದರಲ್ಲೂ ಅಪಾಯವಿದೆ. ಥಾಮಸ್ ಡಿಶನ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ತೋರಿಸಿಕೊಟ್ಟರು: ನಿಯಮ ಮುರಿದ ಕಥೆಗೆ ಜೊತೆಯವರ ನಗು ಸಿಕ್ಕರೆ ಅದೇ ಬಹುಮಾನ. ನಾನೂ ಗುಂಪು ನಡೆಸುತ್ತೇನೆ, ಆದರೆ ಚಿಕ್ಕದಾಗಿ. ಸಾಹಸ ಕಥೆ ಶುರುವಾದ ಕೂಡಲೇ ವಿಷಯ ಬದಲಿಸಬಲ್ಲ ಇನ್ನೊಬ್ಬ ದೊಡ್ಡವರು ಪಕ್ಕದಲ್ಲಿರಬೇಕು.

ಅನುಭೂತಿಯನ್ನು, ಅಂದರೆ ಇನ್ನೊಬ್ಬರ ಮನಸ್ಸನ್ನು ಅರಿತು ಅವರ ನೋವಿಗೆ ಮಿಡಿಯುವ ಗುಣವನ್ನು, ನೇರವಾಗಿ ತುಂಬುವ ಪ್ರಯತ್ನಗಳ ಬಗ್ಗೆಯೂ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಡಾರಿಕ್ ಜಾಲಿಫ್ ಮತ್ತು ಡೇವಿಡ್ ಫಾರಿಂಗ್ಟನ್ 2004ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಅಪರಾಧದ ಜೊತೆ ಹೆಚ್ಚು ನಂಟಿದ್ದದ್ದು ಇನ್ನೊಬ್ಬರ ಮನಸ್ಸನ್ನು ಅರ್ಥ ಮಾಡಿಕೊಳ್ಳುವ ಶಕ್ತಿಯ ಕೊರತೆಗೆ. ಅವರ ನೋವು ತನಗೂ ತಟ್ಟುವ ಗುಣದ ಕೊರತೆಗೆ ಅಷ್ಟಿರಲಿಲ್ಲ. ಬುದ್ಧಿಮಟ್ಟವನ್ನೋ ಆರ್ಥಿಕ ಸ್ಥಿತಿಯನ್ನೋ ಗಣನೆಗೆ ತೆಗೆದುಕೊಂಡಾಗ ಆ ನಂಟೂ ಕರಗಿತು. ಕ್ಷಮಾಪಣೆ ಪತ್ರವನ್ನು ಹೇಳಿ ಬರೆಸುವವರು ಇದನ್ನು ನೆನಪಿಡಬೇಕು. ಬಾಯಿಪಾಠದ ಪತ್ರ ನೊಂದವರಿಗೆ ಎರಡನೆಯ ಅವಮಾನ.

ನೊಂದವರ ಎದುರು ನಿಲ್ಲುವುದು ಮಾತ್ರ ಬೇರೆಯೇ ವಿಷಯ. 1974ರಲ್ಲಿ ಕೆನಡಾದ ಎಲ್ಮಿರಾದಲ್ಲಿ ಇಬ್ಬರು ಯುವಕರು ಕುಡಿದ ಅಮಲಿನಲ್ಲಿ 22 ಕಡೆ ಆಸ್ತಿ ಹಾನಿ ಮಾಡಿದ್ದರು. ಮಾರ್ಕ್ ಯಾಂಟ್ಸಿ ಎಂಬ ಪ್ರೊಬೇಷನ್ ಅಧಿಕಾರಿಯ ಸಲಹೆಯಂತೆ ನ್ಯಾಯಾಧೀಶರು ಅವರನ್ನು ಹಾನಿಗೊಳಗಾದವರ ಮನೆ ಬಾಗಿಲಿಗೇ ಕಳುಹಿಸಿದರು. ಅವರು ಮುಖ ತೋರಿಸಿ ಮಾತಾಡಿದರು, ನಷ್ಟ ತುಂಬಿದರು. ನ್ಯೂಜಿಲೆಂಡ್ 1989ರ ಕಾನೂನಿನಲ್ಲಿ ಕುಟುಂಬ, ನೊಂದವರು ಮತ್ತು ಹುಡುಗ ಒಟ್ಟಿಗೆ ಕೂರುವ ಸಭೆಯನ್ನೇ ಬಾಲ ನ್ಯಾಯದ ನಡುಮನೆಗೆ ತಂದಿತು. ನೊಂದವರು ಒಪ್ಪಿದರೆ ಮಾತ್ರ ಇದು ನಡೆಯಬೇಕು, ಮತ್ತು ಹುಡುಗನಿಗೆ ತನ್ನ ಕಥೆಯನ್ನು ಹೇಳಲು ಬಂದ ಮೇಲೆ. ಅದಕ್ಕೂ ಮೊದಲು ಕೂರಿಸಿದರೆ ಅವನ ಮೌನ ಅವರನ್ನು ಮತ್ತೆ ಗಾಯಗೊಳಿಸುತ್ತದೆ.

ಎಲ್ಲ ಹುಡುಗರೂ ಒಂದೇ ಎಂದು ನಾನು ಹೇಳುತ್ತಿಲ್ಲ. ಇತರರ ನೋವು ನಿಜಕ್ಕೂ ತಟ್ಟದ, ತಣ್ಣನೆಯ ಲೆಕ್ಕಾಚಾರದ ಸಣ್ಣ ಗುಂಪೊಂದಿದೆ. ಅವರಿಗೆ ಬೇರೆ ಬಗೆಯ, ದೀರ್ಘಕಾಲದ ಚಿಕಿತ್ಸೆ ಬೇಕು; ಸುತ್ತಲಿನವರ ಸುರಕ್ಷತೆಯನ್ನೂ ನೋಡಬೇಕು. ಆದರೆ ಮನೋವಿಜ್ಞಾನಿ ಟೆರಿ ಮೊಫಿಟ್ 1993ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ಮುಖ್ಯ: ಬಾಲ್ಯದಿಂದಲೇ ಶುರುವಾಗಿ ಜೀವನಪೂರ್ತಿ ಮುಂದುವರಿಯುವವರು ಕೆಲವೇ ಮಂದಿ, ಹದಿಹರೆಯದಲ್ಲಿ ಶುರು ಮಾಡಿ ಅದರ ಜೊತೆಗೇ ಬಿಟ್ಟುಬಿಡುವವರು ಬಹಳ. ಈ ಎರಡನೆಯವರಿಗೆ ವ್ಯವಸ್ಥೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅವರು ಬಿಡುವ ಹೊತ್ತಿಗೆ ಶಾಲೆ, ಕೆಲಸ, ಮನೆ ಯಾವುದೂ ಅವರ ಪಾಲಿಗೆ ಮುಚ್ಚಿಹೋಗದಂತೆ ನೋಡಿಕೊಳ್ಳುವುದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 40ನೇ ವಿಧಿಯೂ ಮಗು ಮರಳಿ ಸಮಾಜದಲ್ಲಿ ರಚನಾತ್ಮಕ ಪಾತ್ರ ವಹಿಸುವಂತಾಗುವುದನ್ನೇ ಗುರಿಯಾಗಿ ಹೇಳುತ್ತದೆ.

ಸಿಬ್ಬಂದಿಯ ಬಗ್ಗೆ ಒಂದು ಮಾತು. ಬೆಳಗ್ಗೆ ನಾನು ಹುಡುಗನಿಗೆ ಉಸಿರು ನಿಧಾನಿಸಲು ಕಲಿಸಿ, ಸಂಜೆ ಅವನ ಮುಂದೆಯೇ ಮೇಲ್ವಿಚಾರಕರು ಕೂಗಾಡಿದರೆ ಅವನು ಕಲಿಯುವುದು ಸಂಜೆಯ ಪಾಠವನ್ನೇ. ತರಬೇತಿಯ ಹಣದಲ್ಲಿ ಅರ್ಧವಾದರೂ ದೊಡ್ಡವರಿಗೆ ಖರ್ಚಾಗಬೇಕು ಎಂದು ನಾನು ಹೇಳಿದಾಗಲೆಲ್ಲ ಸಭೆಗಳಲ್ಲಿ ಯಾರೂ ನನ್ನತ್ತ ನೋಡುವುದಿಲ್ಲ.

ಈಗ ನನ್ನ ವರದಿಗಳಲ್ಲಿ ಪಶ್ಚಾತ್ತಾಪದ ಅಂಕಣವನ್ನು ಬಹುತೇಕ ಖಾಲಿ ಬಿಟ್ಟು, ಇನ್ನೊಂದು ಹಾಳೆ ಲಗತ್ತಿಸುತ್ತೇನೆ. ಅವನಿಗೆ ಅಪಾಯದ ಜಾಗ ಯಾವುದು, ಯಾವ ಹೊತ್ತು, ಜೊತೆಯಲ್ಲಿ ಯಾರಿದ್ದರೆ ಕಷ್ಟ, ಮೈಯಲ್ಲಿ ಮೊದಲು ಕಾಣುವ ಸೂಚನೆ ಯಾವುದು, ಆಗ ಎಲ್ಲಿಗೆ ಹೋಗುತ್ತಾನೆ, ಯಾರಿಗೆ ಫೋನ್ ಮಾಡುತ್ತಾನೆ. ಎಲ್ಲವೂ ಅವನದೇ ಮಾತಿನಲ್ಲಿ, ಚಿಕ್ಕ ವಾಕ್ಯಗಳಲ್ಲಿ. ಒಂದು ಪ್ರತಿ ಅವನಿಗೆ, ಒಂದು ಮನೆಯವರಿಗೆ, ಒಂದು ಅವನ ಮೇಲ್ವಿಚಾರಣೆ ನೋಡುವ ಅಧಿಕಾರಿಗೆ. ಬಿಡುಗಡೆಯ ನಂತರದ ಮೊದಲ ಭೇಟಿಯ ದಿನ ಮತ್ತು ಸಮಯವನ್ನು ಅವನು ಬಾಗಿಲು ದಾಟುವ ಮೊದಲೇ ಅದರಲ್ಲಿ ಬರೆದಿರಬೇಕು. ‘ಏನಾದರೂ ಬೇಕಾದರೆ ಬಾ’ ಎಂದು ಹೇಳಿ ಕಳುಹಿಸಿದರೆ ಈ ಹುಡುಗರು ಬರುವುದಿಲ್ಲ.